ಸುಮ್ನೆ ಕೇಳ್ದೆ

ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ, ಪ್ಲೇಟುಗಳನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ತೆಗೆದೆ. ಶನಿವಾರ ಸಂಜೆ ಇಟ್ಟು ಹೋಗಿದ್ದ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತುಂಬಿದ ನನ್ನ ಆರು ಪ್ಲೇಟುಗಳು ಬೋರಲು ಮಲಗಿದ್ದವು. ಐದರಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಹಾಕಿದ್ದೆ. ಆರನೆಯದು ಬ್ಲ್ಯಾಂಕ್. ಅದರಲ್ಲಿ ಏನೂ ಹಾಕಿಲ್ಲ, ಏನೂ ಬೆಳೆಯಲೂ ಬಾರದು. ಐದನ್ನೂ ತಿರುಗಿಸಿ ನೋಡಿದೆ. ಖಾಲಿ. ಉಜ್ಜಿ ತೊಳೆದಿಟ್ಟ ತಟ್ಟೆ ಹಾಗೆ ಖಾಲಿ. ಆರನೆಯದರ ನಟ್ಟನಡುವೆ ಮಾತ್ರ, ರೂಪಾಯಿ ನಾಣ್ಯದಷ್ಟಗಲ, ಹತ್ತಿ ಬಿಡಿಸಿಟ್ಟ ಹಾಗೆ ಬೆಳ್ಳಗೆ ಬೂಷ್ಟು.

ಕರೆದವರು ಬಂದಿಲ್ಲ, ಕರೆಯದವರು ಎಲೆ ಹಾಕಿಸಿಕೊಂಡು ಕೂತಿದ್ದಾರೆ.

ಕಳೆದ ಏಳು ವಾರದಿಂದ ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಂಟರ್ನ್. ಎಂ.ಎಸ್ಸಿ. ಓದುತ್ತಿದ್ದೇನೆ, ಅದೂ ಮೈಕ್ರೋಬಯಾಲಜಿ. ಹಾಗಂತ ಕೈಗೆ ಕೆಲಸ ಬರುತ್ತದೆ ಅಂದುಕೊಳ್ಳಬೇಡಿ. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಏಳೆಂಟು ಜನಕ್ಕೆ ಒಂದು ಲೂಪ್, ಅಂದರೆ ಬ್ಯಾಕ್ಟೀರಿಯಾ ಬಳಿಯುವ ತಂತಿ. ಅದು ನನ್ನ ಕೈಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ರೆಕಾರ್ಡ್ ಬುಕ್ಕಿನಲ್ಲಿ ಬಣ್ಣದ ಪೆನ್ಸಿಲ್‌ನಿಂದ ಚಂದದ ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕಿ, ಬರೆದು ಪಾಸಾದವಳು ನಾನು. ಆ ಕಾಲೊನಿಗಳು ಎಷ್ಟು ಗುಂಡಗಿದ್ದವು ಗೊತ್ತಾ? ಬಳೆ ಇಟ್ಟು ಬರೆದಿದ್ದೆ.

ಇಲ್ಲಿ ನನಗೆ ಕೆಲಸ ಕಲಿಸುವುದು ಪಿಎಚ್.ಡಿ. ಮಾಡುತ್ತಿರುವ ಒಬ್ಬ ಅಕ್ಕ. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳೋಕೆ ಮನಸ್ಸು ಬಾರದೆ ಹೋಗಬಹುದು. ಬೈಯುವುದಿಲ್ಲ, ದನಿ ಏರಿಸುವುದಿಲ್ಲ. ಪ್ಲೇಟನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ. ನಾನು ಉತ್ತರ ಕೊಟ್ಟ ಮೇಲೆ "ಸುಮ್ನೆ ಕೇಳ್ದೆ" ಅನ್ನುತ್ತಾರೆ. ಅಷ್ಟೇ.

ಆ ಎರಡು ಪದ ನನ್ನ ನಿದ್ದೆ ಕೆಡಿಸಿವೆ.

ಮೊದಲನೇ ವಾರ ಪ್ಲೇಟಿನ ಮುಚ್ಚಳದ ಮೇಲೆ ಹೆಸರು, ತಾರೀಕು, ಸ್ಯಾಂಪಲ್ ನಂಬರ್ ಎಲ್ಲ ಮುದ್ದಾಗಿ ಬರೆದಿದ್ದೆ. ಅಕ್ಕ ನೋಡಿದರು. "ಮುಚ್ಚಳದ ಮೇಲೆ ಬರೆದಿದ್ದೀಯಾ?" "ಹೌದಕ್ಕ." "ಸುಮ್ನೆ ಕೇಳ್ದೆ." ಅಕ್ಷರ ಇಷ್ಟವಾಗಿರಬೇಕು ಅಂತ ಖುಷಿಪಟ್ಟೆ. ಮಾರನೇ ದಿನ ಎಣಿಸಲು ಎಲ್ಲ ಪ್ಲೇಟಿನ ಮುಚ್ಚಳ ತೆಗೆದು ಸಾಲಾಗಿಟ್ಟೆ. ಎಣಿಸಿದೆ. ಮುಚ್ಚಲು ಹೋದಾಗ ಯಾವ ಮುಚ್ಚಳ ಯಾವುದರದ್ದು? ಮದುವೆಮನೆ ಬಾಗಿಲಲ್ಲಿ ಚಪ್ಪಲಿ ಹುಡುಕಿದ ಹಾಗಾಯಿತು. ಬರೆಯಬೇಕಾದ್ದು ಅಗಾರ್, ಅಂದರೆ ಆ ಜೆಲ್ಲಿ, ಇರುವ ತಳದ ಮೇಲೆ, ಮುಚ್ಚಳದ ಮೇಲಲ್ಲ. ಮೊದಲೇ ಹೇಳಬಹುದಿತ್ತಲ್ವಾ? ಹೇಳಿದರಂತೆ. ಕೇಳಿದ್ದರು, ಸುಮ್ನೆ.

ಇನ್ನೊಂದು ದಿನ ಆಟೊಕ್ಲೇವ್. ಅದು ಮನೆಯ ಕುಕ್ಕರಿನ ದೊಡ್ಡಪ್ಪ, ಒಳಗಿಟ್ಟಿದ್ದರಲ್ಲಿನ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲಲು. 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಆದರೆ ವಿಷಲ್ ಎಣಿಸಿ ಒಲೆ ಆರಿಸುವ ಸುಖ ಇಲ್ಲ, ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಲ್ಲಬೇಕು. ಒತ್ತಡ ಇಳಿದು, ಮೀಡಿಯಾ, ಅಂದರೆ ಕರಗಿದ ಅಗಾರ್, ಹೊರಗೆ ತೆಗೆದು, ಕೈಯಲ್ಲಿ ಹಿಡಿಯುವಷ್ಟು ಬಿಸಿ ಇದ್ದಾಗ ಪ್ಲೇಟಿಗೆ ಸುರಿಯಬೇಕು. 50 ಡಿಗ್ರಿ ಆಸುಪಾಸು. ಜಾಸ್ತಿ ಬಿಸಿ ಇದ್ದರೆ ಮುಚ್ಚಳದೊಳಗೆಲ್ಲ ನೀರ ಹನಿ. ತಡಮಾಡಿದರೆ ಫ್ಲಾಸ್ಕಿನಲ್ಲೇ ಗಟ್ಟಿ. ನಾನು "ಒಂದೇ ನಿಮಿಷ" ಅಂತ ಕೆಳಗೆ ಟೀಗೆ ಹೋದೆ. ವಾಪಸ್ ಬರುವಾಗ ಅರ್ಧ ಲೀಟರ್ ಅಗಾರ್ ಹಾಲುಬಾಯಿ ಥರ ಅಲುಗಾಡುತ್ತಿತ್ತು. ಒಮ್ಮೆ ಗಟ್ಟಿಯಾದರೆ ಅದು ಸುಲಭಕ್ಕೆ ಕರಗುವುದಿಲ್ಲ, 85 ಡಿಗ್ರಿ ದಾಟಬೇಕು. "ಟೀ ಚೆನ್ನಾಗಿತ್ತಾ?" ಅಂದರು ಅಕ್ಕ. ಮುಂದಿನದು ನಿಮಗೆ ಗೊತ್ತು.

ಅಗಾರ್ ಅಂದರೆ ಬೇರೇನಲ್ಲ, ನಮ್ಮ ಅಂಗಡಿಗಳಲ್ಲಿ ಸಿಗುವ ಚೈನಾ ಗ್ರಾಸ್. ಅದನ್ನು ಲ್ಯಾಬಿಗೆ ತಂದಿದ್ದು ವಿಜ್ಞಾನಿಯ ತಲೆಯಲ್ಲ, ಅಡುಗೆಮನೆ. ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ, ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಬೇಸಿಗೆಯಲ್ಲಿ ಕರಗಿ ಕರಗಿ ತಲೆ ಕೆಟ್ಟಿತ್ತು. ನಾನು ಜೆಲ್ಲಿ ಮಾಡಲು ಹಾಕುತ್ತೇನಲ್ಲ, ಆ ಅಗಾರ್ ಹಾಕಿ ನೋಡಿ ಅಂದಿದ್ದು ಅವನ ಹೆಂಡತಿ ಫ್ಯಾನಿ. 1881ರ ಮಾತು. ತಟ್ಟೆಗೆ ಪೆಟ್ರಿಯ ಹೆಸರು ಬಂತು, ಬ್ಯಾಕ್ಟೀರಿಯಾ ಗುರುತಿಸಲು ಬಣ್ಣ ಹಾಕುವ ವಿಧಾನಕ್ಕೆ ಗ್ರಾಮ್‌ನ ಹೆಸರು ಬಂತು. ತಟ್ಟೆಯೊಳಗೆ ಬಡಿಸಿದವಳ ಹೆಸರು ಎಲ್ಲೂ ಇಲ್ಲ. 1882ರಲ್ಲಿ ಕಾಕ್ ಬರೆದ ಪ್ರಬಂಧದಲ್ಲಿ ಅಗಾರ್ ಇದೆ, ಫ್ಯಾನಿ ಇಲ್ಲ. ನನ್ನ ಮಟ್ಟಿಗೆ ಇಂಟರ್ನ್‌ಗಳ ಮನೆದೇವರು ಆಕೆಯೇ.

ಮಡಿಯ ಜೋಕ್ ಮಾತ್ರ ಹೇಳಬೇಡಿ. ಸ್ಪಿರಿಟ್ಟಲ್ಲಿ ಕೈ ತೊಳೆದು, ಮಾತಾಡದೆ, ಏನನ್ನೂ ಮುಟ್ಟದೆ ಕೂರೋದು ಅಜ್ಜಿಯ ಮಡಿ ಥರ ಅಂತ ನಾವೆಲ್ಲ ಮೊದಲ ದಿನವೇ ನಕ್ಕು ಮುಗಿಸಿದ್ದೇವೆ. ಫ್ಲೆಮಿಂಗ್ ಹೆಸರೂ ಎತ್ತಬೇಡಿ. 1928ರಲ್ಲಿ ಅವನು ರಜೆ ಮುಗಿಸಿ ಬಂದಾಗ ಪ್ಲೇಟಿನಲ್ಲಿ ಬೂಷ್ಟು ಬೆಳೆದಿತ್ತು, ಪೆನ್ಸಿಲಿನ್ ಸಿಕ್ಕಿತು, ಸರಿ. ಅವನ ಪ್ಲೇಟಿನಲ್ಲಿ ಬೂಷ್ಟಿನ ಜೊತೆ ಬ್ಯಾಕ್ಟೀರಿಯಾನೂ ಇತ್ತು ಸ್ವಾಮಿ.

ಈಗ ಶನಿವಾರಕ್ಕೆ ಬರೋಣ. ಲೂಪ್ ಅನ್ನುವುದು ತುದಿಯಲ್ಲಿ ಪುಟ್ಟ ಬಳೆಯಂತೆ ಬಗ್ಗಿಸಿದ ತಂತಿ. ಅದನ್ನು ದೀಪದಲ್ಲಿ ಕೆಂಪಗೆ ಕಾಯಿಸಬೇಕು, ಅದರ ಮೇಲಿದ್ದ ಸೂಕ್ಷ್ಮಜೀವಿಗಳೆಲ್ಲ ಸಾಯಲಿ ಅಂತ. ಆಮೇಲೆ ಆರಿಸಬೇಕು, ಇಲ್ಲದಿದ್ದರೆ ನಮಗೆ ಬೇಕಾದವೂ ಸುಟ್ಟು ಸಾಯುತ್ತವೆ. ಆಮೇಲೆ ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿಟ್ಟ ದ್ರವಕ್ಕೆ, ಅದ್ದಿ ಪ್ಲೇಟಿನ ಮೇಲೆ ಗೆರೆ ಎಳೆಯಬೇಕು. ನಡುವೆ ಮತ್ತೆ ಕಾಯಿಸುತ್ತ, ಆರಿಸುತ್ತ, ಮೂರು ನಾಲ್ಕು ಭಾಗವಾಗಿ ಎಳೆದರೆ, ಕೊನೆಯ ಗೆರೆಗಳಲ್ಲಿ ಕಾಲೊನಿಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬರುತ್ತವೆ. ರಂಗೋಲಿ ಚುಕ್ಕಿ ಇಟ್ಟ ಹಾಗೆ. ಹಾಗೆ ಬರಬೇಕು.

ಶನಿವಾರ ಆರೂಕಾಲಿನ ಬಸ್ಸು ಹಿಡಿಯುವ ಆತುರ. ಲೂಪ್ ಕೆಂಪಗಾಯಿತು. ಹತ್ತರವರೆಗೆ ಎಣಿಸು ಅಂತ ಅಕ್ಕ ಹೇಳಿದ್ದರು. ನಾನು ಒಂದು, ಎರಡು, ಹತ್ತು ಅಂದೆ. ಅದ್ದಿದೆ.

ಚುಂಯ್!

ಬಿಸಿ ಎಣ್ಣೆಗೆ ಸಾಸಿವೆ, ಕರಿಬೇವು ಬಿದ್ದ ಹಾಗೆ. ದೊಡ್ಡ ಸದ್ದೇನಲ್ಲ. ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುವಂಥದ್ದು. ಅಕ್ಕ ಲ್ಯಾಬಿನ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ, ಫ್ರಿಜ್ಜಿನೊಳಗೆ ಅರ್ಧ ತಲೆ ತೂರಿಸಿ ಏನೋ ಹುಡುಕುತ್ತಿದ್ದರು. ಎಕ್ಸಾಸ್ಟ್ ಫ್ಯಾನ್ ಬೇರೆ ತಿರುಗುತ್ತಿತ್ತು. ಫ್ರಿಜ್ಜಿನೊಳಗಿಂದಲೇ ದನಿ ಬಂತು:

"ಒಗ್ಗರಣೆ ಏನಾದ್ರೂ ಹಾಕಿದ್ಯಾ?"

"ಇಲ್ಲಕ್ಕ."

"ಸುಮ್ನೆ ಕೇಳ್ದೆ."

ಆಗಲೇ ಒಪ್ಪಿಕೊಂಡು ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ಒಂದು ಸಲ "ಇಲ್ಲಕ್ಕ" ಅಂದ ಮೇಲೆ ಮರ್ಯಾದೆ ಪ್ರಶ್ನೆ. ಉಳಿದ ನಾಲ್ಕಕ್ಕೂ ಹಾಗೇ ಅದ್ದಿದೆ, ಈ ಸಲ ಸದ್ದಾದಾಗ ಕೆಮ್ಮುತ್ತ. ಐದು ಚುಂಯ್, ನಾಲ್ಕು ಕೆಮ್ಮು. ಪ್ಲೇಟ್ ತೆರೆದಿಟ್ಟುಕೊಂಡು ಕೆಮ್ಮಬಾರದು ಅನ್ನುವುದು ಇನ್ನೊಂದು ನಿಯಮ. ಬೂಷ್ಟಿನ ವಿಷಯವೂ ಹೀಗೇ. ಮುಚ್ಚಳವನ್ನು ಒಂದು ಬದಿ ಮಾತ್ರ, ಬೆರಳು ತೂರುವಷ್ಟು ಎತ್ತಬೇಕು. ನಾನು ಬ್ಲ್ಯಾಂಕ್ ಪ್ಲೇಟಿನ ಮುಚ್ಚಳವನ್ನು ಊಟದ ಡಬ್ಬಿಯ ಹಾಗೆ ಪೂರ್ತಿ ತೆಗೆದು, ಪಕ್ಕದಲ್ಲಿಟ್ಟು, ಅದರ ಮೇಲೆ ಬಗ್ಗಿ ಗಡಿಯಾರ ನೋಡಿದ್ದೆ.

ಇವತ್ತು ಅಕ್ಕ ಆರೂ ಪ್ಲೇಟುಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಒಂದು ಕಣ್ಣು ಮುಚ್ಚಿ. ಆರನೆಯದನ್ನು ಜಾಸ್ತಿ ಹೊತ್ತು ನೋಡಿದರು. "ಕೆಮ್ಮು ಹೇಗಿದೆ ಈಗ?" ಅಂದರು.

ನಾನು ಮಾತಾಡಲಿಲ್ಲ. ಅವರೂ ಆ ಎರಡು ಪದ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಸಂಜೆವರೆಗೆ ಬರೀ ಗ್ರಾಮ್ ಸ್ಟೇನ್ ಅಭ್ಯಾಸ ಮಾಡು ಅಂದರು. ಅದರಲ್ಲಾದರೂ ಬಣ್ಣ ಬರುತ್ತದೆ, ಹೆಚ್ಚಿನ ಪಾಲು ಬೆರಳಿಗೆ. ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡ್ ಚಾಚಿದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಮೇಲೆ ನಾವು ಚಾಚುವುದು ದುಡ್ಡಲ್ಲ, ಕಾರ್ಡು. ಅವರು ಕಾರ್ಡು ಬಿಟ್ಟು ನನ್ನ ನೇರಳೆ ಬೆರಳುಗಳನ್ನು ನೋಡಿದರು. "ಎಲ್ಲಿ ಓಟು ಹಾಕಿ ಬಂದ್ರಿ ಮೇಡಂ, ಐದೈದು?" ದೇಶಕ್ಕೆಲ್ಲ ಓಟಿನ ಶಾಯಿ ಮೈಸೂರಿನಿಂದ ಹೋಗುತ್ತದೆ, ಅದೂ ಒಂದೇ ಬೆರಳಿಗೆ. ಗ್ರಾಮ್ ಸ್ಟೇನಿನ ನೇರಳೆ ಬಣ್ಣ ಕ್ರಿಸ್ಟಲ್ ವಯೊಲೆಟ್‌ಗೆ ಅಷ್ಟು ಶಿಸ್ತಿಲ್ಲ. ಸೋಪಿಗೆ ಜಗ್ಗುವುದಿಲ್ಲ. ಇ. ಕೋಲಿ ಇರುವ ಸ್ಲೈಡಿನ ಮೇಲೆ ಮಾತ್ರ ಸ್ಪಿರಿಟ್ ತೋರಿಸಿದ ಕೂಡಲೇ ಹರಿದು ಹೋಗುತ್ತದೆ.

ಪಿಜಿಗೆ ಬಂದು ಮಂಚದ ಕೆಳಗಿನ ಬ್ಯಾಗಿಗೆ ಕೈ ಹಾಕಿದಾಗ ಸ್ಟೀಲ್ ಡಬ್ಬಿ ಸಿಕ್ಕಿತು. ಎರಡು ವಾರದ ಹಿಂದೆ ಸಾಗರದಿಂದ ರಾತ್ರಿ ಬಸ್ಸು ಹತ್ತುವಾಗ ಅಮ್ಮ ಕೈಗೆ ಕೊಟ್ಟ ಹೋಳಿಗೆ. ಬಸ್ ಹೊರಡುವವರೆಗೂ ಕಿಟಕಿ ಕೆಳಗೆ ನಿಂತು, ತುಪ್ಪ ಬೇರೆ ಇಟ್ಟಿದ್ದೇನೆ, ಹಾಕಿಕೊಂಡು ತಿನ್ನು ಅಂತ ಮೂರು ಸಲ ಹೇಳಿದ್ದಳು. ಬಂದ ದಿನವೇ ಲ್ಯಾಬಿಗೆ ಓಡಿದೆ. ಆಮೇಲೆ ಪ್ಲೇಟು, ಪ್ಲೇಟು, ಪ್ಲೇಟು. ಎರಡು ತಿಂದಿದ್ದೆ. ನಾಲ್ಕು ಉಳಿದಿದ್ದವು.

ಮುಚ್ಚಳ ತೆಗೆದೆ. ಮೇಲಿನ ಹೋಳಿಗೆಯ ತುಂಬ ಹಸಿರು, ಬೂದು, ಅಂಚಿಗೆ ಬಿಳಿ. ಗುಂಡಗೆ, ಬಳೆ ಇಟ್ಟು ಬರೆದ ಹಾಗೆ. ಒಂದಕ್ಕೊಂದು ಅಂಟಿರಲಿಲ್ಲ. ಏಳು ವಾರದಿಂದ ನಾನು ಒಂದೇ ಒಂದು ಪ್ಲೇಟಿನಲ್ಲಿ ತರಲು ಒದ್ದಾಡುತ್ತಿದ್ದ ಬಿಡಿಬಿಡಿ ಕಾಲೊನಿ. 37 ಡಿಗ್ರಿ ಇಲ್ಲ, ಲೂಪ್ ಇಲ್ಲ, ಸ್ಪಿರಿಟ್ ಇಲ್ಲ.

ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾಗ ಫೋನ್ ಬಂತು.

"ಊಟ ಆಯ್ತಾ?"

"ಆಯ್ತಮ್ಮ."

"ಹೋಳಿಗೆ ಖಾಲಿಯಾಯ್ತಾ?"

"ಹೂಂ. ಅವತ್ತೇ. ತುಂಬಾ ಚೆನ್ನಾಗಿತ್ತು."

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಸುಮ್ನೆ ಕೇಳ್ದೆ," ಅಂದಳು ಅಮ್ಮ. "ಬರುವಾಗ ಡಬ್ಬಿ ಮರೀಬೇಡ. ಅದು ಸೆಟ್ಟಿನದ್ದು."