ಆರು ತಿಂಗಳು ಸಾಲದು, ಆದರೂ ಆರು ತಿಂಗಳೊಳಗೇ ಹಾಕಿ

ನಮ್ಮ ಗದಗ, ಹುಬ್ಬಳ್ಳಿ ಕಡೆ ರಸ್ತೆ ಅಪಘಾತದಲ್ಲಿ ಯಾರಾದರೂ ಕೈಕಾಲು ಮುರಿದುಕೊಂಡರೆ ಮನೆಯ ಹಿರಿಯರು ಹೇಳುವ ಮಾತು ಒಂದೇ: "ಮೊದ್ಲ ಮನಿಶ್ಯಾ ಆರಾಮ ಆಗ್ಲಿ, ಕೇಸು ಆಮ್ಯಾಲೆ ನೋಡೂಣು." ಅದು ಕಾಳಜಿಯ ಮಾತು. ಆದರೆ ಮುರಿದ ಎಲುಬು ಕೂಡಿ ಮನುಷ್ಯ ಎದ್ದು ಓಡಾಡುವಷ್ಟರಲ್ಲಿ ಪರಿಹಾರ ಕೇಳುವ ಗಡುವೇ ಮುಗಿದಿರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಗಡುವಿನ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂತು. ಅಂದಿನಿಂದ ಅಪಘಾತವಾದ ಆರು ತಿಂಗಳೊಳಗೆ ಟ್ರಿಬ್ಯುನಲ್‌ಗೆ, ಅಂದರೆ ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ, ಅರ್ಜಿ ಹಾಕಬೇಕು.

ನಾನು ಗದಗಿನವನು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿ ಇದೇ ಕೆಲಸಕ್ಕೆ ಮೂರು ವರ್ಷ ಸಮಯ. ಗಾಯಗೊಂಡದ್ದು ಮಗುವಾದರೆ ಆ ಮೂರು ವರ್ಷ ಶುರುವಾಗುವುದೇ ಹದಿನೆಂಟು ತುಂಬಿದ ಮೇಲೆ. ಆಸ್ಪತ್ರೆ ಪುಕ್ಕಟೆ ಇರುವ ದೇಶದಲ್ಲಿ ಮೂರು ವರ್ಷ. ಆಸ್ಪತ್ರೆ ಬಿಲ್ಲಿಗೆ ಬಂಗಾರ ಅಡ ಇಡುವ ಊರಿನಲ್ಲಿ ಆರು ತಿಂಗಳು. ಇದು ತಲೆಕೆಳಗಾಗಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲೂ ಇದು ಯಾವಾಗಲೂ ಹೀಗಿರಲಿಲ್ಲ. 1988ರ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇತ್ತು. ತಕ್ಕ ಕಾರಣವಿದ್ದರೆ ವರ್ಷದವರೆಗೆ ತಡ ಮನ್ನಿಸಬಹುದಿತ್ತು. 1994ರಲ್ಲಿ ಆ ಗಡುವನ್ನೇ ತೆಗೆದುಹಾಕಿದರು. ಸುಮಾರು 27 ವರ್ಷ ಗಡುವಿನ ಕಾಟವೇ ಇರಲಿಲ್ಲ. ಹಾಗಾಗಿ ನಮ್ಮ ಹಿರಿಯರಿಗೆ "ಯಾವಾಗ ಹಾಕಿದ್ರೂ ನಡೀತದ" ಎನ್ನುವುದು ರೂಢಿಯಾಗಿಬಿಟ್ಟಿದೆ. ಈಗ ಗಡುವು ವಾಪಸ್ ಬಂದಿದೆ, ತಡ ಮನ್ನಿಸುವ ಮಾತು ಮಾತ್ರ ಕಾಯ್ದೆಯಲ್ಲಿ ಇಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅವು ಇತ್ಯರ್ಥ ಆಗುವವರೆಗೆ ತಡವಾಯಿತೆಂದು ಯಾವ ಅರ್ಜಿಯನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಕೋರ್ಟ್ ಹೇಳಿತು. ಒಳ್ಳೆಯದೇ ಆಯಿತು. ಆದರೆ ಅದು ಮಧ್ಯಂತರ ಆದೇಶ. ಅದನ್ನು ನಂಬಿ ಸುಮ್ನೆ ಕೂರುವುದು ಬೇಡ.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ನಮ್ಮ ಕಾಕಾ ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಆಫ್‌ಸೆಟ್ ಮಷೀನ್ ನಡೆಸುತ್ತಾರೆ. ದಿನವಿಡೀ ನಿಂತೇ ಮಾಡುವ ಕೆಲಸ. ಹುಬ್ಬಳ್ಳಿಯಿಂದ ಬೈಕಿನಲ್ಲಿ ಬರುವಾಗ ಅಣ್ಣಿಗೇರಿ ಹತ್ತಿರ ಗೂಡ್ಸ್ ಗಾಡಿಯೊಂದು ಗುದ್ದಿ ಬಲತೊಡೆಯ ಎಲುಬು ಮುರಿಯಿತು. ರಾಡ್ ಹಾಕಿದರು. ಇನ್ನೂ ವಾರ್ಡಿನಲ್ಲಿರುವಾಗಲೇ ಗಾಡಿ ಮಾಲೀಕರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಕೈಯಲ್ಲಿ ಬಾಂಡ್ ಪೇಪರ್. ಅದರ ಮೇಲೆ ಆಗಲೇ ಎಲ್ಲ ಟೈಪ್ ಆಗಿತ್ತು: ಕಾಕಾನ ಹೆಸರು, ತಾರೀಖು, "ಮುಂದೆ ನನ್ನದು ಯಾವ ತಕರಾರೂ ಇರುವುದಿಲ್ಲ" ಎಂಬ ಸಾಲು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುರುತು. ಕಾಕಾನ ಮಗಳು, ನನ್ನ ತಂಗಿ, ವಿಡಿಯೋ ಕಾಲ್‌ನಲ್ಲಿ ಆ ಕಾಗದ ತೋರಿಸಿದಳು.

"ಸ್ಟೇಷನ್ನು, ಕೋರ್ಟು ಅಂತ ಎಲ್ಲಿ ಅಡ್ಡಾಡ್ತೀರಿ ಯಜಮಾನ್ರ, ದವಾಖಾನಿ ಖರ್ಚು ನಾವ ಕೊಡ್ತೀವಿ" ಎಂದರಂತೆ. ಕಾಕಾಗೂ ಸಾಕಾಗಿತ್ತು, ಪೆನ್ ಕೈಗೆ ತಗೊಂಡಿದ್ದರು. ತಂಗಿಯೇ ತಡೆದಳು: "ಅಪ್ಪಾ, ಸಹಿ ಮಾಡಬ್ಯಾಡ. ಕಾಲು ಕೂಡ್ತದೋ ಇಲ್ಲೋ ಡಾಕ್ಟರಿಗೇ ಇನ್ನಾ ಗೊತ್ತಿಲ್ಲ."

ಅವಳ ಮಾತು ನಿಜವಾಯಿತು. ಎಲುಬು ಕೂಡಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಎರಡನೇ ಆಪರೇಷನ್ ಮಾಡಬೇಕಾಯಿತು. ಮೊದಲ ದಿನಗಳ ಖರ್ಚಿಗೆ ರಾಜಿಯಾಗಿದ್ದರೆ ಈ ಖರ್ಚು ಯಾರ ತಲೆಗೆ? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ರಾಜಿಯ ಮಾತು ನಡೆಯುತ್ತಿದ್ದಾಗ ಎಫ್‌ಐಆರ್ ಆಗುವುದಿಲ್ಲ. ಮಾತು ಮುರಿದ ಮೇಲೆ ತಡವಾಗಿ ದೂರು ಕೊಟ್ಟರೆ, "ಈ ಗಾಡಿಯನ್ನು ಆಮೇಲೆ ಸೇರಿಸಿದ್ದಾರೆ" ಎಂದು ವಿಮಾ ಕಂಪನಿಯ ವಕೀಲರು ವಾದ ಮಾಡುತ್ತಾರೆ. ಗಾಡಿ ಮಾಲೀಕರೂ ಒಂದು ವಿಷಯ ತಿಳಿಯಬೇಕು. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ ವಿಮೆ, ಮಾಡಿಸುವುದೇ ಇದಕ್ಕಾಗಿ. ವಿಮೆ, ಲೈಸೆನ್ಸ್ ಎಲ್ಲ ಸರಿಯಿದ್ದರೆ ಪರಿಹಾರ ಕೊಡುವುದು ಕಂಪನಿ, ಅವರ ಕಿಸೆಯಿಂದಲ್ಲ.

ಇಂಗ್ಲೆಂಡಿನ ಒಂದು ನಿಯಮ ನನಗೆ ತುಂಬ ಹಿಡಿಸಿದೆ. ಹಿಂದಿನಿಂದ ಕಾರು ಗುದ್ದಿ ಕುತ್ತಿಗೆ ಉಳುಕುವುದು ಇಲ್ಲಿ ಬಹಳ ಸಾಮಾನ್ಯ. ಕೋವೆಂಟ್ರಿಯಲ್ಲಿರುವ ಒಬ್ಬ ಕನ್ನಡದ ಗೆಳೆಯನಿಗೆ ಹೀಗೇ ಆಯಿತು. ಇಂಥ ಗಾಯಕ್ಕೆ ವೈದ್ಯರ ವರದಿ ಕೈಗೆ ಬರುವ ಮೊದಲು ವಿಮಾ ಕಂಪನಿ "ಇಷ್ಟು ತಗೊಳ್ಳಿ, ಮುಗಿಸೋಣ" ಎಂದು ಹೇಳುವ ಹಾಗೇ ಇಲ್ಲ. 2021ರ ಮೇ 31ರಿಂದ ಇದು ಕಾನೂನು. ಉಳುಕಿದ ಕುತ್ತಿಗೆಗೇ ಇಷ್ಟು ರಕ್ಷಣೆ ಇದ್ದರೆ, ರಾಡ್ ಹಾಕಿಸಿಕೊಂಡು ಮಲಗಿದವನ ಮುಂದೆ ಬಾಂಡ್ ಪೇಪರ್ ಹಿಡಿಯುವುದನ್ನು ನಾವು ಯಾಕೆ ಸಹಿಸಬೇಕು?

ಹಾಗಂತ ಇಲ್ಲಿಯದೆಲ್ಲ ಚೆಂದ ಎಂದೂ ಹೇಳಲಾರೆ. ಆ ಗೆಳೆಯನಿಗೆ ಸಿಕ್ಕ ಮೊತ್ತ ಬಹಳ ಕಡಿಮೆ. ಕುತ್ತಿಗೆ ನೋವಿಗೆ ಸರ್ಕಾರವೇ ದರಪಟ್ಟಿ ಮಾಡಿಟ್ಟಿದೆ. ಮೂರು ತಿಂಗಳೊಳಗೆ ಗುಣವಾಗುವ ನೋವಿಗೆ 2021ರಲ್ಲಿ ಇಟ್ಟ ದರ 240 ಪೌಂಡ್. ನಮ್ಮ ಟ್ರಿಬ್ಯುನಲ್ ಹಾಗಲ್ಲ. ಅದು ಮನುಷ್ಯನ ವಯಸ್ಸು, ದುಡಿಮೆ, ಮುಂದೆ ಕಳೆದುಕೊಳ್ಳುವ ಗಳಿಕೆ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಅಂಗವೈಕಲ್ಯದ ಶೇಕಡಾವಾರು ನೋಡಿದರೆ ಸಾಲದು, ಆ ಮನುಷ್ಯನ ಕಸುಬಿಗೆ ಎಷ್ಟು ಹೊಡೆತ ಬಿತ್ತು ಎಂಬುದನ್ನೂ ನೋಡಬೇಕು ಎಂದು 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಡಗೈ ಹೋದರೆ ಬಡಗಿಯ ಗಳಿಕೆಯೇ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಮಷೀನಿನ ಮುಂದೆ ನಿಂತು ದುಡಿಯುವ ಕಾಕಾನಂಥವರಿಗೆ ಈ ತೀರ್ಪು ದೊಡ್ಡ ಆಸರೆ. ಗುದ್ದಿದ್ದು ಅಣ್ಣಿಗೇರಿ ಹತ್ತಿರ, ಅದು ಧಾರವಾಡ ಜಿಲ್ಲೆ. ಆದರೂ ಅರ್ಜಿಯನ್ನು ತಾವು ಇರುವ ಗದಗಿನಲ್ಲೇ ಹಾಕಲು ಕಾಯ್ದೆ ಬಿಡುತ್ತದೆ. ಅಪೀಲು ಹೋಗಬೇಕಾದರೂ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ, ಮೊದಲಿನ ಹಾಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ.

ಜನ ಎಡವುವುದು ಕಾಗದಪತ್ರದ ವಿಷಯದಲ್ಲಿ. ಎಲ್ಲ ಬಿಲ್ಲು ಸೇರಬೇಕು, ಅಂಗವೈಕಲ್ಯದ ಸರ್ಟಿಫಿಕೇಟ್ ಬರಬೇಕು, ಆಮೇಲೆ ಕೇಸ್ ಎಂದುಕೊಂಡು ಕೂರುತ್ತಾರೆ. ಹಾಗೆ ಕಾಯಬೇಕಾಗಿಲ್ಲ. ಎಫ್‌ಐಆರ್, ಪಂಚನಾಮೆ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ವೈದ್ಯರು ಕೊಡುವ ಪತ್ರ), ಡಿಸ್ಚಾರ್ಜ್ ಸಮ್ಮರಿ, ಗುದ್ದಿದ ಗಾಡಿಯ ನಂಬರು ಮತ್ತು ವಿಮೆಯ ವಿವರ ಇದ್ದರೆ ವಕೀಲರು ಎಂವಿಸಿ ಕೇಸ್, ಅಂದರೆ ಅಪಘಾತ ಪರಿಹಾರದ ಕೇಸ್, ಹಾಕುತ್ತಾರೆ. ಮುಂದಿನ ಆಪರೇಷನ್ನಿನ ಬಿಲ್ಲು, ವೈದ್ಯರ ಸಾಕ್ಷಿ ಎಲ್ಲ ವಿಚಾರಣೆ ಹೊತ್ತಿಗೆ ಸೇರಿಸಬಹುದು. ಬೇಗ ಹಾಕುವುದರಲ್ಲಿ ಇನ್ನೊಂದು ಲಾಭವಿದೆ. ಪರಿಹಾರದ ಮೇಲಿನ ಬಡ್ಡಿಯನ್ನು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಕೊಡುವಂತಿಲ್ಲ. ಎಷ್ಟು ತಡ ಮಾಡುತ್ತೀರೋ ಅಷ್ಟು ಬಡ್ಡಿ ಹೋಯಿತು, ಅಲ್ವಾ?

ಕಂಪನಿ ಜೊತೆ ಮಾತುಕತೆ ನಡೆದಿದೆ ಎಂದು ಗಡುವು ಮರೆಯುವುದಂತೂ ಬೇಡವೇ ಬೇಡ. ಇದರಲ್ಲಿ ಎರಡೂ ದೇಶ ಒಂದೇ. ಮಾತುಕತೆಯಿಂದ ಗಡುವು ಮುಂದೆ ಹೋಗುವುದಿಲ್ಲ. ಇಂಗ್ಲೆಂಡಿನ ಸಾಲಿಸಿಟರ್‌ಗಳು (ವಕೀಲರು) ಮೂರು ವರ್ಷ ತುಂಬುವ ಮೊದಲು ಕೋರ್ಟಿನಲ್ಲಿ ಕೇಸ್ ದಾಖಲಿಸಿಟ್ಟು, ಆಮೇಲೆ ಚೌಕಾಸಿ ಮುಂದುವರಿಸುತ್ತಾರೆ. ನಮ್ಮಲ್ಲೂ ಅದೇ ಕ್ರಮ ಸರಿ. ಮೊದಲು ಕೇಸ್, ಆಮೇಲೆ ರಾಜಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ದುಡ್ಡು ಬೇಗ ಕೈಗೆ ಬರುತ್ತದೆ, ನಿಜ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಅದಕ್ಕೇ ಗಾಯ ಯಾವ ಮಟ್ಟಕ್ಕೆ ಬಂದು ನಿಂತಿದೆ ಎಂದು ವೈದ್ಯರು ಹೇಳುವವರೆಗೆ ಮೊತ್ತಕ್ಕೆ ಒಪ್ಪಬಾರದು. ಕಾಕಾನ ಕೇಸು ಗಡುವಿನೊಳಗೆ ಗದಗಿನಲ್ಲಿ ದಾಖಲಾಯಿತು. ಎರಡನೇ ಆಪರೇಷನ್ ಆದ ಮೇಲೆ, ವೈದ್ಯರ ಲೆಕ್ಕ ಮುಂದಿಟ್ಟುಕೊಂಡು ಅದಾಲತ್‌ನಲ್ಲಿ ಕಂಪನಿ ಜೊತೆ ಕೂತರು.

ವಕೀಲರ ಫೀಸಿನ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನಲ್ಲಿ ಗೆದ್ದರಷ್ಟೇ ಫೀಸು ಎಂಬ ಒಪ್ಪಂದಕ್ಕೆ ಕಾನೂನೇ ಜಾಗ ಕೊಟ್ಟಿದೆ. ಆದರೆ ಗೆದ್ದದ್ದಕ್ಕೆ ವಕೀಲರು ತೆಗೆದುಕೊಳ್ಳುವ ಹೆಚ್ಚುವರಿ ಫೀಸಿಗೆ ಮಿತಿ ಇದೆ. ಪರಿಹಾರದ ಶೇಕಡಾ 25 ದಾಟುವಂತಿಲ್ಲ, ಮುಂದಿನ ಖರ್ಚು ಮತ್ತು ಗಳಿಕೆಗೆಂದು ಕೊಟ್ಟ ದುಡ್ಡನ್ನು ಆ ಲೆಕ್ಕಕ್ಕೆ ಹಿಡಿಯುವಂತೆಯೂ ಇಲ್ಲ. ನಮ್ಮ ದೇಶದಲ್ಲಿ ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ತಡೆಯುತ್ತದೆ. ಆದ್ದರಿಂದ ವಾರ್ಡಿಗೇ ಬಂದು "ಇಷ್ಟು ಪರ್ಸೆಂಟ್ ಕೊಡ್ರಿ, ಎಲ್ಲಾ ನಾವ ಮಾಡ್ತೀವಿ" ಎನ್ನುವವರನ್ನು ದೂರ ಇಡಿ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ.

ಗುದ್ದಿ ಓಡಿಹೋದ ಗಾಡಿಯ ನಂಬರು ಸಿಗದಿದ್ದರೆ ದಾರಿ ಬೇರೆ. ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಇದೆ. ಅದನ್ನು ಕೇಳಬೇಕಾದದ್ದು ಕಂದಾಯ ಇಲಾಖೆಯ ಅಧಿಕಾರಿಗಳ ಹತ್ತಿರ.

ನಮ್ಮ ಭಾಗದ ಶಾಸಕರು, ಸಂಸದರು ಹೆದ್ದಾರಿ ಅಗಲ ಮಾಡಿಸುವ ಮಾತಾಡುತ್ತಾರೆ. ಬೇಕೇ ಬೇಕು ಅದು. 2021ರ ಜನವರಿಯಲ್ಲಿ ಧಾರವಾಡದ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ದಾವಣಗೆರೆಯ ಗೆಳತಿಯರ ವಾಹನ ಅಪಘಾತಕ್ಕೀಡಾಗಿ ಹಲವರು ಜೀವ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಅದರ ಜೊತೆಗೆ ಈ ಆರು ತಿಂಗಳ ಬಗ್ಗೆಯೂ ಅವರು ಬಾಯಿ ಬಿಡಬೇಕು. ಎಫ್‌ಐಆರ್ ಪ್ರತಿ ಕೊಡುವಾಗಲೇ ಕೊನೆಯ ತಾರೀಖನ್ನು ಕನ್ನಡದಲ್ಲಿ ಬರೆದುಕೊಡಲು ಠಾಣೆಗಳಿಗೆ ಹೇಳಲಿ, ಅದಕ್ಕೇನೂ ಖರ್ಚಿಲ್ಲ. ಮೂರು ವರ್ಷ ಕೊಡದಿದ್ದರೆ ಬೇಡ. ತಕ್ಕ ಕಾರಣವಿದ್ದಾಗ ತಡ ಮನ್ನಿಸುವ ಅಧಿಕಾರವನ್ನಾದರೂ ಟ್ರಿಬ್ಯುನಲ್‌ಗೆ ವಾಪಸ್ ಕೊಡಲಿ. ಇಂಗ್ಲೆಂಡಿನ ಜಡ್ಜುಗಳಿಗೆ ಮೂರು ವರ್ಷ ಮುಗಿದ ಮೇಲೂ ಆ ಅಧಿಕಾರ ಇದೆ.