ಆಂಟಿಬಾಡಿ ಕಮ್ಮಿಯಾದರೆ ರಕ್ಷಣೆ ಹೋಯ್ತು ಅಂತಲ್ಲ

"ರಕ್ತ ಪರೀಕ್ಷೆಯಲ್ಲಿ ಆಂಟಿಬಾಡಿ ಕಮ್ಮಿ ಬಂದರೆ ಹಳೇ ಲಸಿಕೆಯೆಲ್ಲ ವೇಸ್ಟ್, ದೇಹ ಎಲ್ಲ ಮರೆತಿದೆ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆಂಟಿಬಾಡಿ ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್. ಅದು ಇಳಿಯುವುದು ಸಹಜ. ಅದನ್ನು ತಯಾರಿಸುವುದು ಬಿ ಕೋಶ ಅನ್ನೋ ಬಿಳಿ ರಕ್ತಕಣ. ಒಂದೊಂದು ಬಿ ಕೋಶದ ಮೈಮೇಲೆ ಒಂದೇ ಬಗೆಯ ರಿಸೆಪ್ಟರ್ (ಗುರುತು ಹಿಡಿಯುವ ಕೊಂಡಿ) ಇರುತ್ತದೆ. ವೈರಸ್‌ನ ಅಥವಾ ಲಸಿಕೆಯ ಯಾವುದಾದರೂ ತುಣುಕು ಅದಕ್ಕೆ ಸರಿಯಾಗಿ ಕೂತರೆ, ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವಿನಿಂದ ಆ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತದೆ, ಆಂಟಿಬಾಡಿ ಸುರಿಸುತ್ತದೆ. ಸೋಂಕು ಮುಗಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತವೆ. ಅದೇ ವೈರಸ್ ಮತ್ತೆ ಬಂದರೆ ಇವು ಮೊದಲಿಗಿಂತ ಬೇಗ ಕೆಲಸಕ್ಕಿಳಿಯುತ್ತವೆ. ಮಾಮೂಲಿ ಆಂಟಿಬಾಡಿ ಟೆಸ್ಟ್ ಇವನ್ನು ನೋಡುವುದೇ ಇಲ್ಲ, ಮತ್ತೆ ಅದರ ಮೇಲೆ ತೀರ್ಪು ಹೇಗೆ ಕೊಡೋದು?

ಈ ನೆನಪು ಎಷ್ಟು ಕಾಲ ಉಳಿಯುತ್ತದೆ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗೆ ದಡಾರ ಬಂದಾಗ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್ ಒಂದು ವಿಷಯ ಗಮನಿಸಿದರು. ಊರಿಗೆ ಊರೇ ಮಲಗಿತ್ತು. ಆದರೆ 1781ರ ದಡಾರದಲ್ಲಿ ಕಾಯಿಲೆ ಬಿದ್ದು ಎದ್ದಿದ್ದ ಮುದುಕರಿಗೆ ಅದು ಮತ್ತೆ ಬರಲಿಲ್ಲ. ನಡುವೆ 65 ವರ್ಷ! 1918ರ ಫ್ಲೂ ಕಂಡು ಬದುಕಿದವರ ರಕ್ತದಲ್ಲೂ ಆ ವೈರಸ್ ಗುರುತಿಸುವ ಬಿ ಕೋಶಗಳು ಸುಮಾರು 90 ವರ್ಷದ ನಂತರ ಸಿಕ್ಕಿವೆ.

ಹಾಗಂತ ಬೂಸ್ಟರ್ ಬೇಡವೇ ಬೇಡ ಅಂತಲ್ಲ. ಟೆಟನಸ್‌ಗೆ ಬೇಕು. ಡಯಾಲಿಸಿಸ್‌ನಲ್ಲಿರುವವರಿಗೆ ಹೆಪಟೈಟಿಸ್ ಬಿ ಆಂಟಿಬಾಡಿ ಮಟ್ಟ ನೋಡಿಯೇ ನಿರ್ಧರಿಸುತ್ತಾರೆ. ಅದನ್ನು ವೈದ್ಯರು ಹೇಳಲಿ, ಫಾರ್ವರ್ಡ್ ಅಲ್ಲ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.