ಮೂಳೆಗೊಂದು ದೀಪಸ್ತಂಭ

ದೀಪಸ್ತಂಭವೆಂದರೆ ಹಡಗುಗಳಿಗೆ ದಾರಿ ತೋರಿಸುವಂಥದ್ದು ಎಂದು ನಂಬಿರುವ ನಮ್ಮಂಥ ಅಲ್ಪಮತಿಗಳು ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸ್ಯಾಂಟೊ ಡೊಮಿಂಗೊದಲ್ಲಿರುವ ಕೊಲಂಬಸ್ ದೀಪಸ್ತಂಭದ ಕಥೆಯನ್ನು ಒಮ್ಮೆ ಕೇಳಬೇಕು. ಶಿಲುಬೆಯಾಕಾರದಲ್ಲಿ ಅಂಗಾತ ಮಲಗಿರುವ ಆ ಕಾಂಕ್ರೀಟು ಗುಡ್ಡದ ದೀಪಗಳ ಹೆಗ್ಗಳಿಕೆಯೇ ಮೋಡಗಳ ಮೇಲೆ ಬೆಳಕಿನ ಶಿಲುಬೆ ಬರೆಯುವುದು. ಆಕಾಶದಲ್ಲಿ ದಾರಿ ತಪ್ಪಿದ ಹಡಗುಗಳೇನಾದರೂ ಇದ್ದರೆ ಅವಕ್ಕೆ ಅನುಕೂಲವಾದೀತು. ಇಂಡೀಸ್ ಹುಡುಕಲು ಹೊರಟು, 1492ರಲ್ಲಿ ಇನ್ನೆಲ್ಲಿಗೋ ತಲುಪಿ, ಅಲ್ಲಿದ್ದವರಿಗೆ ನಮ್ಮ ಹೆಸರನ್ನಿಟ್ಟು ಬಂದ ಮಹಾನುಭಾವನಿಗೆ ಇದಕ್ಕಿಂತ ತಕ್ಕ ಸ್ಮಾರಕ ಸಿಗಲಾರದು.

ಗ್ಲೀವ್ ಎಂಬ ಯುವ ವಾಸ್ತುಶಿಲ್ಪಿಯ ನಕ್ಷೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದದ್ದು 1931ರಲ್ಲಿ; ಕಟ್ಟಡ ಉದ್ಘಾಟನೆಯಾದದ್ದು 1992ರಲ್ಲಿ. ಅಷ್ಟರೊಳಗೆ ಗ್ಲೀವ್ ತೀರಿಕೊಂಡು ಎರಡು ದಶಕಗಳೇ ಕಳೆದಿದ್ದವು. 1937ರಲ್ಲಿ ಇದರ ಪ್ರಚಾರಕ್ಕೆಂದು ಹಾರಿದ ನಾಲ್ಕು ವಿಮಾನಗಳಲ್ಲಿ ಕೊಲಂಬಸನ ಹಡಗುಗಳ ಹೆಸರನ್ನು ಹೊತ್ತಿದ್ದ ಮೂರೂ ಕೊಲಂಬಿಯಾದಲ್ಲಿ (ಆ ದೇಶಕ್ಕೂ ಅವನದೇ ಹೆಸರು) ಬಿದ್ದುಹೋದವು. ಅವನ ಹೆಸರೆತ್ತಿದರೆ ಕೇಡು ತಪ್ಪದೆಂದು ನಂಬಿ, ಬರೀ 'ಅಡ್ಮಿರಲ್' ಎಂದು ಸುತ್ತಿಬಳಸಿ ಹೇಳುವ ಜನರ ನೆಲದಲ್ಲಿಯೇ, ಡೊಮಿನಿಕನ್ ಅಧ್ಯಕ್ಷ ಬಾಲಗೇರ್ ಅವನ ಹೆಸರಿಗೆ ಕೋಟ್ಯಂತರ ಡಾಲರು ಸುರಿದರು.

ಜಾಗಕ್ಕಾಗಿ ಸಾವಿರಾರು ಬಡ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಉಳಿದ ಗುಡಿಸಲುಗಳು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಗೋಡೆಯೊಂದನ್ನು ಎಬ್ಬಿಸಿದರು. ಊರವರು ಅದನ್ನು 'ನಾಚಿಕೆಯ ಗೋಡೆ' ಎಂದು ಕರೆದರು. ವಿದ್ಯುತ್ ಕಡಿತವೇ ದಿನಚರಿಯಾಗಿದ್ದ ಆ ನಗರದಲ್ಲಿ, ಸ್ಮಾರಕದ ದೀಪ ಹೊತ್ತಿದರೆ ಸುತ್ತಲಿನ ಬಡಾವಣೆಗಳ ದೀಪ ಆರುತ್ತದೆ ಎಂಬ ಮಾತು ಹುಟ್ಟಿದ್ದರಲ್ಲಿ ಆಶ್ಚರ್ಯವೇನಿದೆ? ಗೋಡೆಯಾಚೆ ಚಿಮಣಿ ದೀಪದಲ್ಲಿ ಅನ್ನ ಬಡಿಸಿಕೊಂಡವರು ತಲೆಯೆತ್ತಿದರೆ, ಅವರ ಪಾಲಿನ ಕರೆಂಟು ಮೋಡದ ಮೇಲೆ ಶಿಲುಬೆಯಾಗಿ ಹೊಳೆಯುತ್ತಿತ್ತು.

ಇಷ್ಟೆಲ್ಲ ಯಾರಿಗಾಗಿ ಎಂದರೆ, 1877ರಲ್ಲಿ ಅಲ್ಲಿನ ಕೆಥೆಡ್ರಲ್‌ನಲ್ಲಿ ಸಿಕ್ಕ ಸೀಸದ ಪೆಟ್ಟಿಗೆಯೊಳಗಿನ, ಕೊಲಂಬಸನವೆನ್ನಲಾದ ಮೂಳೆಗಳಿಗಾಗಿ. ಸ್ಪೇನಿನ ಸೆವಿಲ್ಲೆಯವರೂ ಕೊಲಂಬಸ್ ತಮ್ಮಲ್ಲಿಯೇ ಮಲಗಿದ್ದಾನೆಂದು ಹಟ ಹಿಡಿದಿದ್ದಾರೆ. ಅವರು 2003ರಲ್ಲಿ ಪೆಟ್ಟಿಗೆ ತೆರೆದು ಡಿಎನ್‌ಎ ಪರೀಕ್ಷೆಗೆ ಒಡ್ಡಿಯೂ ಬಿಟ್ಟರು. ಸ್ಯಾಂಟೊ ಡೊಮಿಂಗೊದವರು ಮಾತ್ರ ತಮ್ಮ ಪೆಟ್ಟಿಗೆಯನ್ನು ಪರೀಕ್ಷೆಗೆ ಕೊಡಲೊಪ್ಪಲಿಲ್ಲ: ಮೋಡಕ್ಕೂ ಬೆಳಕು ಹಾಯಿಸಬಲ್ಲ ಆ ದೀಪಸ್ತಂಭದಲ್ಲಿ ಪೆಟ್ಟಿಗೆಯೊಳಗೊಂದು ಟಾರ್ಚು ಬಿಡುವುದಕ್ಕೆ ಮಾತ್ರ ಅನುಮತಿಯಿಲ್ಲ.